ಅಲಾಸ್, ಫೈ, ಝೌಂಡ್ಸ್: ಹಳೇ ಇಂಗ್ಲಿಷಿನ ಉದ್ಗಾರಗಳನ್ನು ಬಿಡಿಸಿಕೊಳ್ಳುವುದು ಹೇಗೆ?

ಷೇಕ್ಸ್‌ಪಿಯರ್ ನಾಟಕ ಕೈಗೆ ಬಂದ ಕೂಡಲೇ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. "ಈ 'ಫೈ' ಅಂದ್ರೆ ಏನು?" "ಮಾತುಮಾತಿಗೂ 'ಮ್ಯಾರಿ' ಅಂತಾರಲ್ಲ, ಅಲ್ಲಿ ಮದುವೆ ಸುದ್ದಿಯೇ ಇಲ್ವಲ್ಲ?" ಬಿ.ಎ. ಓದುವವರು ಕೇಳುತ್ತಾರೆ, ಅನುವಾದ ಮಾಡುವವರು ಕೇಳುತ್ತಾರೆ, ಕಾಲೇಜಿನಲ್ಲಿ ನಾಟಕ ಆಡಿಸುವ ಮೇಷ್ಟ್ರುಗಳೂ ಕೇಳುತ್ತಾರೆ. ಒಂದೊಂದೇ ಪದಕ್ಕೆ ಉತ್ತರ ಕೊಡುತ್ತಾ ಹೋದರೆ ಇದು ಮುಗಿಯುವ ಕೆಲಸವಲ್ಲ. ಅದಕ್ಕೇ ಯಾವ ಉದ್ಗಾರ ಎದುರಾದರೂ ನೀವೇ ಬಿಡಿಸಿಕೊಳ್ಳುವ ದಾರಿಯನ್ನು ಇಲ್ಲಿ ಹೇಳುತ್ತಿದ್ದೇನೆ.

ಉದ್ಗಾರ ಅಂದರೆ ಶಾಲೆಯ ವ್ಯಾಕರಣದಲ್ಲಿ ನಾವು ಭಾವಸೂಚಕಾವ್ಯಯ ಅಂತ ಓದಿದ್ದು. ಅಯ್ಯೋ, ಅಬ್ಬಾ, ಛೀ, ಭಲೆ, ಇಂಥವು. 'ಅಯ್ಯೋ' ಪದದ ಅರ್ಥ ಹೇಳಿ ಅಂದರೆ ನೀವೂ ತಡವರಿಸುತ್ತೀರಿ, ನಾನೂ ತಡವರಿಸುತ್ತೇನೆ. ಆದರೆ ಯಾವಾಗ ಅನ್ನಬೇಕು, ಯಾರ ಮುಂದೆ ಅನ್ನಬಾರದು ಅನ್ನುವುದು ಚೆನ್ನಾಗಿ ಗೊತ್ತು. ಇಂಗ್ಲಿಷಿನ ಉದ್ಗಾರಗಳ ವಿಷಯದಲ್ಲಿ ನಮಗೆ ಗೊತ್ತಿಲ್ಲದೆ ಹೋಗುವುದು ಇದೇ.

ಏನೇನು ಬೇಕು?

ಒಂದು, ಇಸವಿ ಕೊಡುವ ನಿಘಂಟು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ದೊಡ್ಡ ಆವೃತ್ತಿ ಪ್ರತಿ ಪದಕ್ಕೂ ಸಿಕ್ಕಿರುವ ಅತಿ ಹಳೆಯ ಬಳಕೆಯಿಂದ ಹಿಡಿದು ಸಾಲಾಗಿ ಉದಾಹರಣೆ ಕೊಡುತ್ತದೆ. ಅದು ಸಿಗದಿದ್ದರೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪದಮೂಲದ ನಿಘಂಟುಗಳೂ ಸಾಕು. ಎರಡು, ಪುಟದ ಕೆಳಗೆ ಟಿಪ್ಪಣಿ ಇರುವ ನಾಟಕದ ಪ್ರತಿ. ಮೂರು, ಇಡೀ ದೃಶ್ಯ ಓದುವ ತಾಳ್ಮೆ. ಪುಟ್ಟ ಇಂಗ್ಲಿಷ್-ಕನ್ನಡ ನಿಘಂಟೊಂದನ್ನೇ ನಂಬಬೇಡಿ. ಅದು ಅಲಾಸ್, ಅಲ್ಯಾಕ್, ವೋ ಮೂರಕ್ಕೂ 'ಅಯ್ಯೋ' ಅಂತ ಬರೆದು ಕೈತೊಳೆದುಕೊಂಡಿರುತ್ತದೆ.

1. ಮೊದಲು ಕಾಲ ಗೊತ್ತು ಮಾಡಿಕೊಳ್ಳಿ

ನಾವು 'ಹಳೇ ಇಂಗ್ಲಿಷ್' ಅಂತ ಸುಮ್ನೆ ಅಂದುಬಿಡುತ್ತೇವೆ. ಭಾಷೆಯ ಚರಿತ್ರೆ ಬರೆಯುವವರು 'ಓಲ್ಡ್ ಇಂಗ್ಲಿಷ್' ಅಂದರೆ ಸುಮಾರು 1100ರವರೆಗಿನ ಭಾಷೆ. ಇವತ್ತಿನ ಇಂಗ್ಲೆಂಡಿನವರಿಗೂ ಅದು ಕಲಿಯದೆ ಅರ್ಥವಾಗುವುದಿಲ್ಲ. ಸುಮಾರು 1500ರವರೆಗಿನದು ಮಿಡ್ಲ್ ಇಂಗ್ಲಿಷ್. ನೀವು ಕೇಳುವ ಉದ್ಗಾರಗಳಲ್ಲಿ ಹೆಚ್ಚಿನವು ಅದರ ಮುಂದಿನ ಕಾಲದವು, ಅಂದರೆ 1500ರಿಂದ 1700ರ ಒಳಗೆ ನಾಟಕಗಳಲ್ಲಿ ಮೆರೆದವು. ಇನ್ನು ಕೆಲವು ಹತ್ತೊಂಬತ್ತನೇ ಶತಮಾನದ ಕಾದಂಬರಿಗಳಿಂದ ಬಂದವು.

ನಿಜವಾದ ಓಲ್ಡ್ ಇಂಗ್ಲಿಷಿನ ಉದ್ಗಾರ ಬೇಕೆಂದರೆ 'ಹ್ವ್ಯಾಟ್' ಇದೆ. ಬೇವುಲ್ಫ್ ಕಾವ್ಯದ ಮೊಟ್ಟಮೊದಲ ಪದ ಅದು. ಇಂದಿನ 'ವಾಟ್' ಅದರ ಮೊಮ್ಮಗು. 'ಕೇಳಿರಿ!' ಅಂತ ಸಭೆಯನ್ನು ಎಚ್ಚರಿಸುವ ಕೂಗು ಅಂತಲೇ ಬಹಳ ಕಾಲ ಅನುವಾದಿಸುತ್ತಿದ್ದರು. 2013ರಲ್ಲಿ ಜಾರ್ಜ್ ವಾಕ್ಡನ್ ಎಂಬ ಭಾಷಾವಿಜ್ಞಾನಿ ಅದು ಬೇರೆ ನಿಲ್ಲುವ ಕೂಗೇ ಅಲ್ಲ, 'ಎಷ್ಟೆಲ್ಲ ಕೇಳಿದ್ದೇವೆ ನಾವು!' ಎಂಬಂತೆ ವಾಕ್ಯಕ್ಕೇ ಸೇರಿದ ಪದ ಅಂತ ವಾದಿಸಿದರು. ಸಾವಿರ ವರ್ಷದ ಹಸ್ತಪ್ರತಿಯ ಮೊದಲ ಪದವೇ ಹೀಗೆ ಚರ್ಚೆಯಲ್ಲಿರುವಾಗ, ಟಿಪ್ಪಣಿಗಳು ಒಂದಕ್ಕೊಂದು ಹೊಂದದಿದ್ದರೆ ಗಾಬರಿಯಾಗಬೇಡಿ. ಅದೇ ಕಾಲದಲ್ಲಿ ಲ್ಯಾಟಿನ್ ವ್ಯಾಕರಣ ಬರೆದ ಆಲ್ಫ್ರಿಕ್ ಎಂಬ ಸನ್ಯಾಸಿ, 'ಹ ಹ' ಮತ್ತು 'ಹೆ ಹೆ' ಲ್ಯಾಟಿನ್‌ನಲ್ಲೂ ಇಂಗ್ಲಿಷಿನಲ್ಲೂ ನಗೆಯನ್ನೇ ಸೂಚಿಸುತ್ತವೆ ಅಂತ ಗಂಭೀರವಾಗಿ ಬರೆದಿಟ್ಟಿದ್ದಾನೆ. ಫೋನಿನಲ್ಲಿ ನಾವು ಒತ್ತುವುದೂ ಅದನ್ನೇ ಅಲ್ವಾ?

2. ಬರೀ ಸದ್ದೋ, ಸವೆದ ಮಾತೋ ನೋಡಿ

ಕೆಲವು ಉದ್ಗಾರಗಳು ಬಾಯಿಂದ ಹೊರಡುವ ಸದ್ದನ್ನೇ ಅಕ್ಷರಕ್ಕೆ ಇಳಿಸಿದವು. ಪಿಶ್, ಟಶ್, ಪ್‌ಶಾ, ಪಾ ಎಲ್ಲವೂ ಇದೇ ಗುಂಪು. ಇವಕ್ಕೆ ಮೂಲ ಹುಡುಕುತ್ತಾ ಕೂರಬೇಡಿ, ಗಟ್ಟಿಯಾಗಿ ಓದಿ. ತುಟಿಯಿಂದ ಗಾಳಿ ಊದಿ ತಳ್ಳಿಹಾಕುವ ಸದ್ದು ಕೇಳಿಸಿದರೆ ಅರ್ಥ ಸಿಕ್ಕಂತೆ. ಪಿಶ್, ಟಶ್, ಪ್‌ಶಾ ಅಂದರೆ 'ಅಯ್ಯೇ, ಬಿಡು ಮಹಾ' ಅನ್ನುವ ತಾತ್ಸಾರ. ಪಾ ಅಂದರೆ ಅಸಹ್ಯ, ನಮ್ಮ 'ಥೂ'.

'ಟಟ್ ಟಟ್' ಬಗ್ಗೆ ಮಾತ್ರ ಎಚ್ಚರ ಬೇಕು. ಅದು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಎಳೆಯುವ ಸದ್ದು, ನಾವು ಲೊಚಗುಟ್ಟುವುದು ಅನ್ನುತ್ತೇವಲ್ಲ ಅದು. ನಮ್ಮಲ್ಲಿ ಲೊಚಗುಟ್ಟಿದರೆ ಜಾಸ್ತಿ ಸಲ 'ಪಾಪ' ಅಂತ. ಅಲ್ಲಿ 'ಟಟ್' ಅಂದರೆ 'ಏನಿದು, ಸರಿಯಲ್ಲ' ಅನ್ನುವ ಆಕ್ಷೇಪ ಅಥವಾ ಅಸಹನೆ. ಸದ್ದು ಒಂದೇ, ಭಾವ ಬೇರೆ.

'ಹೈಹೋ' ಇನ್ನೊಂದು ಗುಂಡಿ. ನೋಡಿದರೆ ಕುಣಿಯುವವರ ಕೂಗಿನಂತಿದೆ. ಹಳೆಯ ನಾಟಕಗಳಲ್ಲಿ ಅದು ಬಹುಪಾಲು ನಿಟ್ಟುಸಿರು, ಬೇಸರದ ಆಕಳಿಕೆ. ಹಾಡಿನ ಪಲ್ಲವಿಯಲ್ಲಿ ಬಂದರೆ ಮಾತ್ರ ಗೆಲುವಿನ ಧ್ವನಿ.

ಎರಡನೇ ಗುಂಪು, ಒಂದು ಕಾಲದಲ್ಲಿ ಸರಿಯಾದ ಮಾತಾಗಿದ್ದು ಸವೆದು ಉದ್ಗಾರವಾದವು. 'ಅಲಾಸ್' ಹಳೆಯ ಫ್ರೆಂಚಿನಿಂದ ಬಂತು, 'ಹಾ, ಸೋತೆ, ದಣಿದೆ' ಅನ್ನುವಂಥ ಮಾತು. 'ಅಲ್ಯಾಕ್' ಅದರ ಜೊತೆಗಾರ. 'ಅಲ್ಯಾಕ್ ದ ಡೇ' ಅಂದರೆ 'ಅಯ್ಯೋ ಈ ದಿನವೇ'. ಸದಾ ಹೀಗೆ ಗೊಣಗುತ್ತಾ ಜೋಲುಮೋರೆ ಹಾಕಿಕೊಂಡವರಿಂದಲೇ ಇವತ್ತಿನ 'ಲ್ಯಾಕಡೇಸಿಕಲ್' ಎಂಬ ವಿಶೇಷಣ ಹುಟ್ಟಿದ್ದು. 'ಹಾರ್ಕ್' ಅಂದರೆ ಕಿವಿಗೊಡು. 'ಅವಾಂಟ್' ಅಂದರೆ ತೊಲಗು. ತಾನೇ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಊಟದ ಮೇಜಿನಲ್ಲಿ ಬಂದು ಕೂತಾಗ ಮ್ಯಾಕ್‌ಬೆತ್ ಕಿರುಚುವುದು ಈ ಪದವನ್ನೇ.

3. ದೇವರ ಹೆಸರು ಅಡಗಿದೆಯೇ ಅಂತ ಕೆದಕಿ

ನಿಜವಾದ ತೊಡಕು ಇರುವುದು ಇಲ್ಲಿ. ಹಳೆಯ ಇಂಗ್ಲಿಷ್ ಉದ್ಗಾರಗಳಲ್ಲಿ ದೊಡ್ಡ ಪಾಲು ಬಚ್ಚಿಟ್ಟ ಆಣೆಗಳು. ಇವಕ್ಕೆ ಇಂಗ್ಲಿಷಿನಲ್ಲಿ 'ಮಿನ್ಸ್‌ಡ್ ಓತ್' ಅನ್ನುತ್ತಾರೆ. ದೇವರ ಹೆಸರನ್ನು ನೇರ ಹೇಳದೆ, ತುಂಡರಿಸಿ, ತಿರುಚಿ ಹೇಳಿದ ಆಣೆ ಅಂತ ಅರ್ಥ.

ಝೌಂಡ್ಸ್ ಅಂದರೆ 'ಗಾಡ್ಸ್ ವೂಂಡ್ಸ್', ಶಿಲುಬೆಯ ಮೇಲಿನ ಕ್ರಿಸ್ತನ ಗಾಯಗಳ ಆಣೆ. 'ಸ್‌ಬ್ಲಡ್' ಅಂದರೆ ದೇವರ ರಕ್ತದಾಣೆ. 'ಗ್ಯಾಡ್‌ಝೂಕ್ಸ್' ದೇವರ ಕೊಕ್ಕೆಗಳು, ಅಂದರೆ ಶಿಲುಬೆಯ ಮೊಳೆಗಳು, ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. 'ಮ್ಯಾರಿ' ಕನ್ಯೆ ಮೇರಿಯ ಹೆಸರು. ಆಮೇಲಿನ ಕಾಲದ ಗಾಷ್, ಗಾಲಿ ಎರಡೂ 'ಗಾಡ್' ಪದದ ಮುಸುಕು. 'ಜೀ' ಜೀಸಸ್‌ದು, 'ಕ್ರೈಕಿ' ಕ್ರೈಸ್ಟ್‌ದು. 'ಬೈ ಜೋವ್' ಅನ್ನುವವರು ರೋಮನ್ನರ ದೇವತೆಗಳ ರಾಜ ಜೂಪಿಟರ್‌ನ ಬೆನ್ನಿಗೆ ಅವಿತುಕೊಂಡವರು. 'ಬ್ಲೈಮಿ' ಅಂದರೆ 'ಗಾಡ್ ಬ್ಲೈಂಡ್ ಮಿ', ನಮ್ಮ 'ಸುಳ್ಳಾಡಿದ್ರೆ ನನ್ ಕಣ್ ಹೋಗ್ಲಿ' ಇದ್ದಂತೆಯೇ. 'ಡ್ರ್ಯಾಟ್' ಅಂದರೆ 'ದೇವರು ಇದನ್ನು ಕೊಳೆಸಲಿ', ಸರಿಯಾಗಿ ಹೇಳಬೇಕೆಂದರೆ 'ಹಾಳಾದ್ದು'. ನಾವು ದಿನಾ ಅನ್ನುವ 'ಗುಡ್‌ಬೈ' ಕೂಡ 'ಗಾಡ್ ಬಿ ವಿತ್ ಯೆ' ಸವೆದದ್ದು. ಅದು ಆಣೆಯಲ್ಲ, ಹರಕೆ.

ಇಷ್ಟೊಂದು ಮುಚ್ಚಿಡುವುದು ಯಾಕೆ ಅಂತ ನಮಗೆ ಅನ್ನಿಸುತ್ತದೆ. ಯಾಕೆಂದರೆ ನಮ್ಮಲ್ಲಿ ಎಡವಿದರೂ 'ಶಿವ ಶಿವಾ', ಕೆಟ್ಟ ಸುದ್ದಿ ಕೇಳಿದರೂ 'ರಾಮ ರಾಮ'. ಬಾಯಲ್ಲಿ ದೇವರ ಹೆಸರು ಬಂದರೆ ಪುಣ್ಯ ಅನ್ನುವವರು ನಾವು. ಅಲ್ಲಿ ದೇವರ ಹೆಸರನ್ನು ಸುಮ್ಮನೆ ಎತ್ತಬಾರದು ಅನ್ನುವುದು ದಶಾಜ್ಞೆಗಳಲ್ಲೇ ಇದೆ. ಎತ್ತಿದರೆ ಪಾಪ. ಕನ್ನಡದ ಓದುಗರು ಝೌಂಡ್ಸ್ ಪದದ ಬಿಸಿಯನ್ನು ಕಡಿಮೆ ಅಳೆಯುವುದು ಇದೇ ಕಾರಣಕ್ಕೆ. ಅದು ಆಗಿನ ಕಿವಿಗೆ ಒರಟು ಮಾತು.

ಎಷ್ಟು ಒರಟು ಅಂದರೆ ಕಾನೂನೇ ಬಂತು. 1606ರ ಕಾಯ್ದೆಯ ಪ್ರಕಾರ ರಂಗದ ಮೇಲೆ ದೇವರ, ಕ್ರಿಸ್ತನ, ಪವಿತ್ರಾತ್ಮನ ಹೆಸರನ್ನು ತಮಾಷೆಗೆ ಬಳಸಿದರೆ ಒಂದೊಂದು ಸಲಕ್ಕೂ 10 ಪೌಂಡ್ ದಂಡ. ಆಗ ಒಂದು ಹೊಸ ನಾಟಕ ಬರೆದವನಿಗೆ ಸಿಗುತ್ತಿದ್ದದ್ದೇ ಸುಮಾರು 6 ಪೌಂಡ್. ದಂಡದಲ್ಲಿ ಅರ್ಧ ದೊರೆಗೆ, ಉಳಿದರ್ಧ ದೂರು ಕೊಟ್ಟವನಿಗೆ! ನಾಟಕ ನೋಡಲು ಬಂದವರಲ್ಲಿ ಕಿವಿ ನಿಮಿರಿಸಿ ಕೂತವರೂ ಇದ್ದಿರಲೇಬೇಕು.

ಇದರ ಗುರುತು ಇವತ್ತಿನ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಒಥೆಲೊ ನಾಟಕ 1622ರಲ್ಲಿ ಬಿಡಿಯಾಗಿ ಅಚ್ಚಾಯಿತು. ಮರುವರ್ಷ, 1623ರಲ್ಲಿ, ಫೋಲಿಯೊ ಎಂಬ ದೊಡ್ಡ ಸಂಪುಟದಲ್ಲಿ ಮತ್ತೆ ಬಂತು. ಬಿಡಿ ಪ್ರತಿಯಲ್ಲಿ ನಾಟಕ ಶುರುವಾಗುವುದೇ 'ಟಶ್, ನೆವರ್ ಟೆಲ್ ಮಿ' ಎಂಬ ರೊಡೆರಿಗೊನ ಮಾತಿನಿಂದ. ಅದಕ್ಕೆ ನಾಟಕದ ಖಳ ಇಯಾಗೊ ಕೊಡುವ ಉತ್ತರದ ಮೊದಲ ಪದ 'ಸ್‌ಬ್ಲಡ್'. ಫೋಲಿಯೊದಲ್ಲಿ ಎರಡೂ ಇಲ್ಲ. ರೊಡೆರಿಗೊ ನೇರ 'ನೆವರ್ ಟೆಲ್ ಮಿ' ಅನ್ನುತ್ತಾನೆ, ಇಯಾಗೊ 'ಬಟ್ ಯೂಲ್ ನಾಟ್ ಹಿಯರ್ ಮಿ' ಅನ್ನುತ್ತಾನೆ. ಮೊದಲ ಮಾತಿನಲ್ಲೇ ಇಯಾಗೊ ಎಂಥ ಬಾಯಿಯವನು ಅಂತ ತೋರಿಸುತ್ತಿದ್ದ ಪದ ಹೋಗಿಬಿಟ್ಟಿತು. ಈಗಿನ ಸಂಪಾದಕರು ಕೆಲವರು ಬಿಡಿ ಪ್ರತಿಯನ್ನು ಅನುಸರಿಸುತ್ತಾರೆ, ಕೆಲವರು ಫೋಲಿಯೊವನ್ನು. ನಿಮ್ಮ ಪುಸ್ತಕದಲ್ಲಿ ಇರುವ ಪದ ಗೆಳೆಯರ ಪುಸ್ತಕದಲ್ಲಿ ಇಲ್ಲ ಅಂದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಮುನ್ನುಡಿಯಲ್ಲಿ ಯಾವ ಪ್ರತಿಯನ್ನು ಆಧರಿಸಿದ್ದಾರೆ ಅಂತ ಬರೆದಿರುತ್ತಾರೆ, ಅದನ್ನು ನೋಡಿ.

4. ಗುರುತಿನ ಮುಖದ ಪದಗಳನ್ನು ನಂಬಬೇಡಿ

ಗೊತ್ತಿಲ್ಲದ ಪದ ಅಷ್ಟು ಅಪಾಯವಲ್ಲ, ನಿಘಂಟು ತೆಗೆಯುತ್ತೀರಿ. ಗೊತ್ತಿರುವಂತೆ ಕಾಣುವ ಪದವೇ ಕೈಕೊಡುವುದು.

ಮ್ಯಾರಿ: ವಾಕ್ಯದ ಮೊದಲಲ್ಲಿ, ಪಕ್ಕದಲ್ಲೇ ಅಲ್ಪವಿರಾಮದೊಂದಿಗೆ ಬಂದರೆ ಅದು ಉದ್ಗಾರ. 'ಹೌದಪ್ಪ', 'ಮತ್ತಿನ್ನೇನು', 'ಅಲ್ಲಾ ಮತ್ತೆ', ಇಷ್ಟೇ ಭಾರ. ಷೇಕ್ಸ್‌ಪಿಯರನ ಕಾಲಕ್ಕಾಗಲೇ ಮೇರಿಯ ನೆನಪು ಹೆಚ್ಚುಕಡಿಮೆ ಅಳಿಸಿಹೋಗಿತ್ತು. ರೋಮಿಯೊ-ಜೂಲಿಯೆಟ್ ನಾಟಕದಲ್ಲಿ ದಾದಿ ಜೂಲಿಯೆಟ್‌ಳ ಮದುವೆ ನೋಡುವ ಆಸೆ ಹೇಳಿಕೊಂಡಾಗ ತಾಯಿ ಅನ್ನುತ್ತಾಳೆ: 'ಮ್ಯಾರಿ, ದಟ್ ಮ್ಯಾರಿ ಈಸ್ ದ ವೆರಿ ಥೀಮ್ ಐ ಕೇಮ್ ಟು ಟಾಕ್ ಆಫ್.' ಮೊದಲನೆಯದು ಉದ್ಗಾರ, ಎರಡನೆಯದು ಮದುವೆ. ಎರಡರ ವ್ಯತ್ಯಾಸ ಕಲಿಯಲು ಇದಕ್ಕಿಂತ ಒಳ್ಳೇ ಸಾಲು ಇಲ್ಲ.

ಸಾಫ್ಟ್: 'ಬಟ್ ಸಾಫ್ಟ್, ವಾಟ್ ಲೈಟ್ ಥ್ರೂ ಯಾಂಡರ್ ವಿಂಡೋ ಬ್ರೇಕ್ಸ್' ಎಂಬ ಸಾಲನ್ನು 'ಮೃದುವಾದ ಬೆಳಕು' ಅಂತ ಮಾಡಿದವರಿದ್ದಾರೆ. ಇಲ್ಲಿ ಸಾಫ್ಟ್ ಅಂದರೆ 'ಇರು, ತಡಿ'. ಕತ್ತಲಲ್ಲಿ ಬೆಳಕು ಕಂಡು ರೋಮಿಯೊ ತನ್ನನ್ನು ತಾನೇ ತಡೆಯುತ್ತಾನೆ.

ಗೋ ಟು: ಎಲ್ಲಿಗೂ ಹೋಗಬೇಕಿಲ್ಲ. 'ಹೋಗ್ಹೋಗಯ್ಯ', 'ಸಾಕು ಸುಮ್ನಿರಿ'. ನಮ್ಮ 'ಹೋಗ್ರೀ' ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಹೌ ನೌ: 'ಈಗ ಹೇಗೆ' ಅಲ್ಲ. 'ಏನಯ್ಯಾ ಇದು?', 'ಏನ್ ಸಮಾಚಾರ?'

ಲೋ: ನಮ್ಮ 'ಲೋ, ಬಾರೋ ಇಲ್ಲಿ' ಜೊತೆ ಇದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲ. ಇದು 'ನೋಡು', 'ಅಗೋ', 'ಇಗೋ'. ಬೈಬಲಿನ ಇಂಗ್ಲಿಷ್ ಅನುವಾದದಲ್ಲಿ ಲೋ ಮತ್ತು ಬಿಹೋಲ್ಡ್ ಧಾರಾಳ.

5. ಯಾರು, ಯಾರಿಗೆ ಅಂತ ನೋಡಿ

ಅರ್ಥ ಸಿಕ್ಕಿತು ಅಂತ ನಿಲ್ಲಬೇಡಿ. ಆಣೆಯಲ್ಲೂ ಜಾತಿ, ಅಂತಸ್ತು ಇತ್ತು. ನಾಲ್ಕನೇ ಹೆನ್ರಿ ನಾಟಕದ ಮೊದಲ ಭಾಗದಲ್ಲಿ, ಮೂರನೇ ಅಂಕದ ಮೊದಲ ದೃಶ್ಯದಲ್ಲಿ, ಹಾಟ್‌ಸ್ಪರ್ ಎಂಬ ಮುಂಗೋಪಿ ವೀರ ಹೆಂಡತಿಗೆ ಹಾಡು ಅನ್ನುತ್ತಾನೆ. ಅವಳು 'ಇನ್ ಗುಡ್ ಸೂತ್' ಅಂತ ಸಾಧುವಾಗಿ ಆಣೆಯಿಟ್ಟು ಒಲ್ಲೆ ಅನ್ನುತ್ತಾಳೆ. ಸೂತ್ ಅಂದರೆ ಸತ್ಯ, ಅಷ್ಟೇ. ಅವನಿಗೆ ರೇಗುತ್ತದೆ: ಏನಿದು, ಮಿಠಾಯಿ ಮಾಡುವವನ ಹೆಂಡತಿ ಆಣೆಯಿಟ್ಟ ಹಾಗೆ? ದೊಡ್ಡ ಮನೆತನದವಳು ನೀನು, ಬಾಯಿ ತುಂಬುವಂಥ ಆಣೆ ಹಾಕು! ಸಿರಿವಂತರದು ದೇವರ ರಕ್ತಮಾಂಸದ ಆಣೆ, ಅಂಗಡಿಯವರದು ಅಂಜಿಕೆಯ ಆಣೆ ಅನ್ನುವುದು ಆ ಒಂದು ಜಗಳದಲ್ಲಿ ಬಂದುಹೋಗುತ್ತದೆ.

ಕಾಲ ಕಳೆದ ಹಾಗೆ ಬಿಸಿಯೂ ಆರುತ್ತದೆ. ಹ್ಯಾಮ್ಲೆಟ್ ಲೋಕವೇ ಕಳೆ ಬೆಳೆದ ತೋಟ ಅಂತ ಹೇಸಿ 'ಫೈ' ಅನ್ನುವಾಗ ಅದು ನಿಜವಾದ ಛೀ. ಆಮೇಲಾಮೇಲೆ ಫೈ ಎಂಬುದು ಮಕ್ಕಳಿಗೆ ನಾಚಿಕೆ ಮಾಡಿಸುವ, ಇಲ್ಲವೇ ತಮಾಷೆಗೆ ಗದರುವ ಮಾತಾಯಿತು. ನಾವು ಎಳೆಮಗುವಿಗೆ 'ಛೀ ಕಳ್ಳಾ' ಅಂತ ಮುದ್ದು ಮಾಡುವುದಿಲ್ಲವೇ, ಹಾಗೆ. 'ಫಾರ್‌ಸೂತ್' ಮೊದಲು 'ನಿಜವಾಗಿ', ಬರುಬರುತ್ತಾ 'ಅಂತೆ, ಮಹಾ!' ಎಂಬ ಕೊಂಕು. ಅದಕ್ಕೇ ಇಸವಿ ಮುಖ್ಯ ಅಂದದ್ದು.

6. ಕನ್ನಡಕ್ಕೆ ತರುವಾಗ

ಪದಕ್ಕೆ ಪದ ಕೂರಿಸಬೇಡಿ. ಝೌಂಡ್ಸ್ ಪದವನ್ನು 'ದೇವರ ಗಾಯಗಳಾಣೆ' ಅಂದರೆ ಅರ್ಥ ಬಂತು, ಸಿಟ್ಟು ಹೋಯಿತು. ಮೈಸೂರು ಕಡೆಯ ಪಾತ್ರಕ್ಕೆ 'ಥತ್ತೇರಿ', ಧಾರವಾಡದ ಕಡೆಯ ಪಾತ್ರಕ್ಕೆ 'ಇವನ ಹೆಣಾ ಎತ್ಲಿ', ಹೀಗೆ ಆಡುವವನ ಬಾಯಿಗೆ ಒಗ್ಗುವುದನ್ನು ಹುಡುಕಿ.

ಅಲಾಸ್ ಕಂಡಲ್ಲೆಲ್ಲ 'ಅಕಟಾ' ಹಾಕುವ ಚಟ ಬಹಳ ಜನರಿಗಿದೆ. ಪದ್ಯವೋ ಗದ್ಯವೋ ನೋಡಿ ತೀರ್ಮಾನಿಸಿ. ಮ್ಯಾಕ್‌ಬೆತ್‌ನಲ್ಲಿ ರಾಸ್ 'ಅಲಾಸ್, ಪುವರ್ ಕಂಟ್ರಿ' ಅಂತ ದೇಶದ ಗತಿಗೆ ಮರುಗುವುದು ಪದ್ಯದಲ್ಲಿ. ಅಲ್ಲಿ 'ಅಕಟಾ' ಮೆರೆಯುತ್ತದೆ. ಹ್ಯಾಮ್ಲೆಟ್ ಸ್ಮಶಾನದಲ್ಲಿ ಬುರುಡೆ ಹಿಡಿದು 'ಅಲಾಸ್, ಪುವರ್ ಯಾರಿಕ್' ಅನ್ನುವುದು ಗದ್ಯದಲ್ಲಿ, ಪಕ್ಕದಲ್ಲಿರುವ ಗೆಳೆಯನಿಗೆ. ಚಿಕ್ಕಂದಿನಲ್ಲಿ ಬೆನ್ನ ಮೇಲೆ ಹೊತ್ತು ಆಡಿಸಿದ ವಿದೂಷಕ ಅವನು. ಇಲ್ಲಿ 'ಅಯ್ಯೋ ಪಾಪ, ಯಾರಿಕ್' ಅಂದರೆ ಸಾಕು. ಸ್ವಲ್ಪ ಹೊತ್ತಿಗೆ ಹ್ಯಾಮ್ಲೆಟ್ ಅಲೆಕ್ಸಾಂಡರನೂ ಮಣ್ಣಿನಲ್ಲಿ ಹೀಗೇ ನಾರುತ್ತಿದ್ದನೇ ಅಂತ ಕೇಳಿ, 'ಪಾ!' ಅಂತ ಬುರುಡೆ ಕೆಳಗಿಡುತ್ತಾನೆ. 'ಅಯ್ಯೋ ಪಾಪ' ದಿಂದ 'ಥೂ' ವರೆಗೆ ಹೋಗುವ ಆ ಮನಸ್ಸನ್ನು ತರಬೇಕಾದರೆ ಎರಡೂ ಆಡುಮಾತಿನ ಪದಗಳೇ ಆಗಿರಬೇಕು. ಒಂದು ಅಕಟಾ, ಒಂದು ಥೂ ಆದರೆ ಇಬ್ಬರು ಮಾತಾಡಿದಂತೆ ಕೇಳಿಸುತ್ತದೆ. ಅಂದಹಾಗೆ, ಆ ಸಾಲಿನ ಮುಂದೆ ಇರುವುದು 'ಐ ನ್ಯೂ ಹಿಮ್, ಹೊರೇಷಿಯೊ'. ಎಲ್ಲರೂ ಹೇಳುವ 'ಐ ನ್ಯೂ ಹಿಮ್ ವೆಲ್' ನಾಟಕದಲ್ಲಿ ಇಲ್ಲ.

7. ಇವತ್ತು ನೀವೇ ಬಳಸುವುದಾದರೆ

ಅಲಾಸ್ ಇನ್ನೂ ಬದುಕಿದೆ, ಆದರೆ ಬರವಣಿಗೆಯಲ್ಲಿ, ತುಸು ನಗೆ ಬೆರೆತು. ಯಾರದೋ ಮನೆಯಲ್ಲಿ ಸಾವಾದಾಗ ಸಂತಾಪದ ಸಂದೇಶದಲ್ಲಿ ಹಾಕಬೇಡಿ, ನಾಟಕೀಯವಾಗಿ ಕಾಣುತ್ತದೆ. 'ಲೋ ಅಂಡ್ ಬಿಹೋಲ್ಡ್' ಈಗ ಬರೀ ತಮಾಷೆಗೆ. 'ಓಯೆಝ್' ಅಂದರೆ 'ಆಲಿಸಿರಿ'. ಇದು ಡಂಗುರ ಸಾರುವವರ ಕೂಗಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಕಲಾಪ ಇವತ್ತಿಗೂ ಶುರುವಾಗುವುದು ಇದನ್ನು ಮೂರು ಸಲ ಕೂಗಿ.

ಭಾಷಣ ಮೆಚ್ಚಿದಾಗ ಸಭೆಯಲ್ಲಿ ಕೂಗುವ 'ಹಿಯರ್, ಹಿಯರ್' ಬರೆಯುವಾಗ 'ಇಲ್ಲಿ' ಎಂಬ ಅರ್ಥದ ಕಾಗುಣಿತ ಹಾಕುವವರು ತುಂಬಾ. ಅದು 'ಹಿಯರ್ ಹಿಮ್', ಅಂದರೆ ಅವರ ಮಾತು ಕೇಳಿ, ಎಂಬ ಬ್ರಿಟಿಷ್ ಸಂಸತ್ತಿನ ಕೂಗಿನ ತುಂಡು. ನಮ್ಮ ಸಂವಿಧಾನ ರಚನಾ ಸಭೆಯ ನಡಾವಳಿಯಲ್ಲೂ ಇದು ಅಲ್ಲಲ್ಲಿ ಆವರಣದಲ್ಲಿ ದಾಖಲಾಗಿದೆ.

ಒಂದೇ ವಾಕ್ಯದಲ್ಲಿ ಎರಡು ಕಾಲದ ಉದ್ಗಾರ ಬೆರೆಸಬೇಡಿ. ಝೌಂಡ್ಸ್ ಅನ್ನುವ ಪಾತ್ರ ಬ್ಲೈಮಿ ಅನ್ನುವುದಿಲ್ಲ. ಎರಡರ ನಡುವೆ ಸುಮಾರು ಮುನ್ನೂರು ವರ್ಷವಿದೆ.

ಅಭ್ಯಾಸಕ್ಕೆ ನಾಲ್ಕನೇ ಹೆನ್ರಿ ಮೊದಲ ಭಾಗದ ಹೆಂಡದಂಗಡಿ ದೃಶ್ಯ ಹಿಡಿಯಿರಿ, ಎರಡನೇ ಅಂಕದ ನಾಲ್ಕನೆಯದು. ಶುರುವಿನಲ್ಲೇ ಫ್ರಾನ್ಸಿಸ್ ಎಂಬ ಹುಡುಗ ಒಳಗಿನಿಂದ ಕರೆದವರಿಗೆ 'ಅನಾನ್, ಅನಾನ್, ಸರ್' ಅನ್ನುತ್ತಲೇ ಇರುತ್ತಾನೆ. ನಮ್ಮ ಹೋಟೆಲ್ ಮಾಣಿಯ 'ಬಂದೇ ಸಾರ್, ಬಂದೇ'. ರಾಜಕುಮಾರ ಅವನನ್ನು ಬೇಕಂತಲೇ ಮಾತಿನಲ್ಲಿ ಹಿಡಿದು ನಿಲ್ಲಿಸಿ ಗೋಳು ಹೊಯ್ದುಕೊಳ್ಳುತ್ತಾನೆ. ಮುಂದೆ ಅವನ ಕುಡುಕ ಗೆಳೆಯ ಫಾಲ್‌ಸ್ಟಾಫ್ ಬಂದ ಮೇಲೆ ಆಣೆಗಳ ಸುರಿಮಳೆ. ಪ್ರತಿ ಉದ್ಗಾರಕ್ಕೂ ಗೆರೆ ಎಳೆಯಿರಿ. ಆಮೇಲೆ 1598ರ ಬಿಡಿ ಪ್ರತಿಯನ್ನೂ 1623ರ ಫೋಲಿಯೊವನ್ನೂ ಅಂತರ್ಜಾಲದಲ್ಲಿ ಪಕ್ಕಪಕ್ಕ ತೆರೆದು, ನೀವು ಗೆರೆ ಎಳೆದವುಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಅಂತ ಒಂದೊಂದಾಗಿ ಗುರುತು ಹಾಕಿ.